ಒಬ್ಬರು ಹೋಗಲಿ, ಎಲ್ಲರೂ ಸಿದ್ಧರಾಗೋಣ



2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ವಿಶ್ವ ಯುವಜನ ದಿನ ನಡೆಯುತ್ತದೆ. 2023ರಲ್ಲಿ ಲಿಸ್ಬನ್‌ನಲ್ಲಿ ಜಗದ್ಗುರು ಫ್ರಾನ್ಸಿಸ್ ಈ ಊರಿನ ಹೆಸರು ಹೇಳಿದ್ದರು. 2025ರ ಜೂಬಿಲಿಯಲ್ಲಿ ರೋಮ್ ಬಳಿಯ ತೋರ್ ವೆರ್ಗಾತಾ ಬಯಲಿನಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ ದಿನಾಂಕವನ್ನೂ ಹೇಳಿ ಜಗತ್ತಿನ ಯುವಜನರನ್ನು ಕರೆದರು. ಅಂದಿನಿಂದ ಹಿಂದೂಪುರ, ಕಲ್ಯಾಣದುರ್ಗದ ನಮ್ಮ ಎರಡೂ ಯುವಕೂಟಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿದೆ: ಯಾರು ಹೋಗುತ್ತಾರೆ?

ಈ ಪ್ರಶ್ನೆಯನ್ನು ಈಗಲೇ ಕೇಳಬಾರದು ಎನ್ನುವುದು ನಮ್ಮ ಅಭಿಪ್ರಾಯ. ಎಲ್ಲಕ್ಕಿಂತ ಕೊನೆಯಲ್ಲಿ ಕೇಳೋಣ.

ಸಾಮಾನ್ಯವಾಗಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ದುಡ್ಡಿರುವ ಮನೆಯವರು ಮೊದಲು ಹೆಸರು ಕೊಡುತ್ತಾರೆ. ಟಿಕೆಟ್ಟು, ವೀಸಾ, ಹೋಟೆಲು ಎಲ್ಲ ಸೇರಿಸಿ ಟ್ರಾವೆಲ್ಸ್‌ನವರು ಒಂದು ಮೊತ್ತ ಹೇಳುತ್ತಾರೆ. ಆ ಮೊತ್ತ ಕೇಳಿದ ಮಿಕ್ಕವರು ಸುಮ್ಮನಾಗಿಬಿಡುತ್ತಾರೆ. ಹೋದವರು ಬಂದ ಮೇಲೆ ಫೋಟೋ ತೋರಿಸುತ್ತಾರೆ, ಒಂದೊಂದು ಜಪಸರ ಹಂಚುತ್ತಾರೆ, ಅಲ್ಲಿಗೆ ಮುಗಿಯಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಪ್ರಯಾಣದಲ್ಲಿ ಅತ್ಯಂತ ರುಚಿಯಾದ ಭಾಗ ಯಾವುದೋ ಅದು ಯಾರಿಗೂ ಸಿಗದೆ ಹೋಗುತ್ತದೆ. ಹೊರಡುವ ಮೊದಲಿನ ತಿಂಗಳುಗಳೇ ಆ ಭಾಗ. ಅದಕ್ಕೆ ಹೆಚ್ಚು ಖರ್ಚೂ ಇಲ್ಲ.

ಇದನ್ನು ನಾವು ಸುಮ್ಮನೆ ಹೇಳುತ್ತಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 1,530 ಜನರನ್ನು ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ರಜೆಗೆ ಪ್ರವಾಸ ಹೋಗುವವರು ಹೋಗದವರಿಗಿಂತ ಹೆಚ್ಚು ಸಂತೋಷವಾಗಿರುವುದು ಹೊರಡುವ ಮೊದಲು. ವಾಪಸು ಬಂದ ಮೇಲೆ ಬಹುಪಾಲು ಜನರಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ ಎಂದು ಅವರು ಕಂಡುಕೊಂಡರು. ನಮ್ಮ ಮನೆಗಳಲ್ಲಿ ಇದಕ್ಕೆ ಅಧ್ಯಯನವೇ ಬೇಕಿಲ್ಲ. ವೇಳಾಂಗಣ್ಣಿಗೆ ಹೊರಡುವ ಹಿಂದಿನ ವಾರ ನೆನಪಿಸಿಕೊಳ್ಳಿ. ಪುಳಿಯೋಗರೆ ಗೊಜ್ಜು ಯಾರ ಮನೆಯಲ್ಲಿ, ಚಾಪೆ ಎಷ್ಟು, ಕಿಟಕಿ ಪಕ್ಕದ ಸೀಟು ಯಾರಿಗೆ, ಅಜ್ಜಿಯ ಮಂಡಿನೋವಿನ ಎಣ್ಣೆ ಯಾವ ಚೀಲದಲ್ಲಿ. ಆ ವಾರದ ನಗು ರೈಲು ಹತ್ತಿದ ಮೇಲೆ ಅರ್ಧವಾಗುತ್ತದೆ. ಬರುವಾಗಂತೂ ಎಲ್ಲರೂ ನಿದ್ದೆ.

ಆದರೆ 'ಫಾರಿನ್' ಎಂದಾಗ ನಮ್ಮ ಕಡೆಯ ಮನೆಗಳಿಗೆ ಮೊದಲು ನೆನಪಾಗುವುದು ಈ ನಗುವಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಕದಿರಿ ಕಡೆ, ಅದರಾಚೆ ರಾಯಚೋಟಿ, ಕಡಪ ಕಡೆ, ಎಷ್ಟೋ ಮನೆಗಳಿಂದ ತಾಯಂದಿರು ಮನೆಗೆಲಸಕ್ಕೆಂದು ಕುವೈತ್‌ಗೆ ಹೋಗಿದ್ದಾರೆ. ನಮ್ಮ ನೆಂಟರಿಷ್ಟರಲ್ಲೂ ಇದ್ದಾರೆ. ಅವರೂ ಪಾಸ್‌ಪೋರ್ಟು ಮಾಡಿಸಿದರು, ಸೂಟ್‌ಕೇಸು ಕೊಂಡರು, ಉಪ್ಪಿನಕಾಯಿ ಕಟ್ಟಿದರು. ಕೈಯೆಲ್ಲ ಮಾಡುವ ಕೆಲಸ ಒಂದೇ, ಮನಸ್ಸು ಮಾತ್ರ ಬೇರೆ. ಬಡ್ಡಿಗೆ ತಂದ ಸಾಲ, ಏಜೆಂಟ್ ಹೇಳಿದ ಕೆಲಸ ನಿಜವೋ ಸುಳ್ಳೋ ಎಂಬ ಹೆದರಿಕೆ, ಅಜ್ಜಿಯ ಹತ್ತಿರ ಬಿಟ್ಟು ಹೋಗಬೇಕಾದ ಮಗು. ಅಲ್ಲಿಗೆ ಹೋದ ಮೇಲೆ ಪಾಸ್‌ಪೋರ್ಟು ಮನೆಯೊಡೆಯರ ಬೀರುವಿನಲ್ಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತು ಬೀಳುತ್ತದೆ. ಅಂಥವರು ಕುವೈತ್, ಸೌದಿ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಇಸಿಆರ್ ಇರುವ ಹೆಂಗಸರಿಗೆ 30 ವರ್ಷ ತುಂಬದೆ ಆ ಅನುಮತಿ ಇಲ್ಲ. ಈ ನಿಯಮ ಗೊತ್ತಿದ್ದವರನ್ನು ಏಜೆಂಟ್ ಅಷ್ಟು ಸುಲಭವಾಗಿ ಮೋಸ ಮಾಡಲಾರ. ಆದರೆ ಅವಸರದಲ್ಲಿ ಹೊರಟವರಿಗೆ ನಿಯಮ ಓದಲು ಪುರುಸೊತ್ತು ಎಲ್ಲಿ?

ಹೀಗೆ ಹೆದರಿಕೆಯಿಂದ ಹೊರಡುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಸಂತೋಷವಾಗಿ, ನಿಧಾನವಾಗಿ, ನಾಲ್ಕು ಜನ ಕೂತು ಮಾತಾಡಿಕೊಂಡು ಹೊರಡುವುದು ಶ್ರೀಮಂತರ ಅಭ್ಯಾಸ ಎಂದುಕೊಂಡುಬಿಟ್ಟಿದ್ದೇವೆ. ಅದು ನಮ್ಮ ಮಕ್ಕಳಿಗೂ ಒಮ್ಮೆ ಸಿಗಲಿ. ಸಿಯೋಲ್ ಅದಕ್ಕೊಂದು ನೆಪ.

ನೆಪ ಎಂದರೂ ಒಳ್ಳೆಯ ನೆಪವೇ. ಜಗತ್ತಿನಲ್ಲಿ ಬೇರೆ ಯಾವ ಊರಾಗಿದ್ದರೂ ನಮಗೆ ದೂರವಾಗುತ್ತಿತ್ತು. ಕೊರಿಯಾ ಮಾತ್ರ ತಾನಾಗಿಯೇ ನಮ್ಮ ಬಾಗಿಲಿಗೆ ಬಂದಿದೆ. ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರಿನ ಕಾರ್ಖಾನೆಗೆ 2017ರಲ್ಲಿ ಒಪ್ಪಂದವಾಯಿತು, 2019ರ ಆಗಸ್ಟ್‌ನಲ್ಲಿ ಮೊದಲ ಕಾರು ಹೊರಬಂತು. ವರ್ಷಕ್ಕೆ ಮೂರು ಲಕ್ಷ ಕಾರು ಮಾಡುವ ಕಾರ್ಖಾನೆ. ಬೆಂಗಳೂರು ಹೆದ್ದಾರಿಯಲ್ಲಿ ಈಗ ತೆಲುಗು, ಇಂಗ್ಲಿಷ್ ಬೋರ್ಡುಗಳ ನಡುವೆ ಕೊರಿಯನ್ ಬೋರ್ಡುಗಳೂ ಕಾಣುತ್ತವೆ. ನಮ್ಮ ಕೂಟದಲ್ಲೇ ಆ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸ ಮಾಡುವವರಿದ್ದಾರೆ. ಅವರಿಗೆ ಕೊರಿಯನ್ ಮೇಲಧಿಕಾರಿಗೆ ತಲೆ ಬಾಗಿಸಿ ವಂದಿಸುವುದು ಗೊತ್ತು, 'ಅನ್ಯೊಂಗ್ ಹಾಸೆಯೊ' ಗೊತ್ತು, 'ಪಲ್ಲಿ ಪಲ್ಲಿ' ಎಂದರೆ ಬೇಗ ಬೇಗ ಎಂದೂ ಗೊತ್ತು. (ಇದನ್ನು ಅವರು ಎಲ್ಲಕ್ಕಿಂತ ಮೊದಲು ಕಲಿತರಂತೆ!) ನಮ್ಮ ಮೊದಲ ಕೊರಿಯನ್ ಪಾಠ ಇವರಿಂದಲೇ ಆಗಲಿ. ಕಾರ್ಖಾನೆಯ ಹುಡುಗರು ಕಲಿಸುವವರು, ಕಾಲೇಜಿನವರು ಕಲಿಯುವವರು. ನಮ್ಮ ಕೂಟದಲ್ಲಿ ಹೀಗಾಗುವುದು ಅಪರೂಪ.

ಅಕ್ಷರ ಕಲಿಯುವುದಂತೂ ಆಟದ ಹಾಗಿದೆ. ಕೊರಿಯಾದ ರಾಜ ಸೆಜೋಂಗ್ 1443ರಲ್ಲಿ ತನ್ನ ಜನಕ್ಕೆಂದೇ ಹೊಸ ಲಿಪಿ ಮಾಡಿಸಿ, 1446ರಲ್ಲಿ ಹೊರಡಿಸಿದ. ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯರೂ ಓದಿ ಬರೆಯಲಿ ಎಂಬುದು ಅವನ ಉದ್ದೇಶ. ಈಗ ಬಳಸುವುದು 14 ವ್ಯಂಜನ, 10 ಸ್ವರ, ಅಷ್ಟೇ. ಅಕ್ಷರಗಳನ್ನು ಸಾಲಾಗಿ ಬರೆಯದೆ ಪಕ್ಕಕ್ಕೆ, ಕೆಳಕ್ಕೆ ಜೋಡಿಸಿ ಒಂದು ಕಟ್ಟು ಮಾಡುತ್ತಾರೆ. 'ಹನ್' ಎಂದು ಬರೆಯಲು ಹ, ಅ ಪಕ್ಕಪಕ್ಕ, ನ್ ಕೆಳಗೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ವಿಚಿತ್ರ ಎನಿಸಬಹುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಓದಿ ಎರಡೂ ಕಡೆಯ ಒತ್ತಕ್ಷರ ತಿದ್ದಿದ ನಮ್ಮ ಮಕ್ಕಳಿಗೆ ಏನು ಕಷ್ಟ? ಇನ್ನೊಂದು ತಮಾಷೆ: ಅವರ ಮಕ್ಕಳೂ ತಂದೆಯನ್ನು 'ಅಪ್ಪಾ' ಎಂದೇ ಕರೆಯುತ್ತಾರೆ. ತಾಯಿಯನ್ನು 'ಒಮ್ಮಾ' ಎನ್ನುತ್ತಾರೆ. ಇದನ್ನು ಕೇಳಿದ ಕಲ್ಯಾಣದುರ್ಗದ ಒಬ್ಬ ಅಜ್ಜಿ, "ಹಂಗಾದ್ರೆ ನಮ್ಮೋರೇ ಬಿಡು, ಹೋಗಿ ಬಾ" ಅಂದುಬಿಟ್ಟರು. ಭಾಷಾಶಾಸ್ತ್ರ ಏನೇ ಹೇಳಲಿ, ಅಜ್ಜಿಯ ಅನುಮತಿ ಸಿಕ್ಕಿತು.

ಈಗ ನಾವು ಹೇಳಬೇಕೆಂದಿರುವ ಮುಖ್ಯ ಮಾತು. ಕೊರಿಯಾದ ಧರ್ಮಸಭೆ ಹುಟ್ಟಿದ್ದೇ ಹೀಗೆ, ಹಲವರು ಸಿದ್ಧರಾಗಿ ಒಬ್ಬನನ್ನು ಕಳಿಸಿ.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಅಲ್ಲಿ ಒಬ್ಬ ಗುರುವೂ ಇರಲಿಲ್ಲ, ಒಂದು ಚರ್ಚೂ ಇರಲಿಲ್ಲ. ಚೀನಾದಿಂದ ಬಂದಿದ್ದ ಕೆಲವು ಪುಸ್ತಕಗಳಿದ್ದವು. ಕೆಲವು ಯುವ ವಿದ್ವಾಂಸರು ಒಟ್ಟಾಗಿ ಕುಳಿತು ಅವನ್ನು ಓದಿದರು, ಚರ್ಚಿಸಿದರು, ತಿಳಿದ ಮಟ್ಟಿಗೆ ಪ್ರಾರ್ಥನೆ ಮಾಡಿದರು. ಅವರ ಪೈಕಿ ಯಿ ಸುಂಗ್ ಹುನ್ ಎಂಬಾತನಿಗೆ ರಾಜನ ನಿಯೋಗದ ಜೊತೆ ಬೀಜಿಂಗ್‌ಗೆ ಹೋಗುವ ಅವಕಾಶ ಬಂತು. ಉಳಿದವರು ಅವನನ್ನು ಹುರಿದುಂಬಿಸಿ ಕಳಿಸಿದರು: ಅಲ್ಲಿನ ಗುರುಗಳನ್ನು ಕಾಣು, ನಮಗೆ ಗೊತ್ತಿಲ್ಲದ್ದನ್ನು ಕೇಳಿ ಬಾ ಎಂದು. 1784ರಲ್ಲಿ ಅವನು ಅಲ್ಲಿ ಪೇತ್ರ ಎಂಬ ಹೆಸರಿನಿಂದ ಜ್ಞಾನಸ್ನಾನ ಪಡೆದು ಊರಿಗೆ ಬಂದು, ಕಾಯುತ್ತಿದ್ದ ಗೆಳೆಯರಿಗೂ ಜ್ಞಾನಸ್ನಾನ ಕೊಟ್ಟ. ಚೀನಾದಿಂದ ಮೊದಲ ಗುರು ಗಡಿ ದಾಟಿ ಬರುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಆಗಲೇ ಅಲ್ಲಿ ಒಂದು ಸಭೆ ಅವರಿಗಾಗಿ ಕಾದಿತ್ತು.

ಆ ಗೆಳೆಯರು ಮೊದಲು ಓದದೆ ಇದ್ದಿದ್ದರೆ ಯಿ ಸುಂಗ್ ಹುನ್ ಬೀಜಿಂಗ್ ನೋಡಿಕೊಂಡು, ಏನೋ ಉಡುಗೊರೆ ತೆಗೆದುಕೊಂಡು ಬರುತ್ತಿದ್ದ. ಹೋದವನು ಒಬ್ಬ, ಅವನು ಹೊತ್ತುಕೊಂಡು ಹೋದದ್ದು ಎಲ್ಲರ ಪ್ರಶ್ನೆಗಳನ್ನು.

ಸಂತ ಆಂದ್ರೆ ಕಿಮ್ ಕಥೆಯೂ ಹೀಗೆಯೇ. ಹದಿನೈದನೇ ವಯಸ್ಸಿನಲ್ಲಿ ಇಬ್ಬರು ಗೆಳೆಯರ ಜೊತೆ ಮನೆ ಬಿಟ್ಟು, ಚೀನಾ ದೇಶವನ್ನೇ ಹಾದು ಮಕಾವುವರೆಗೆ ನಡೆದು ಹೋದ ಹುಡುಗ. ಕೊರಿಯಾದ ಮೊದಲ ಗುರುವಾಗಿ ಮರಳಿದವರು 1846ರ ಸೆಪ್ಟೆಂಬರ್ 16ರಂದು ರಕ್ತಸಾಕ್ಷಿಯಾದರು. ಆಗ ಅವರಿಗೆ 25 ವರ್ಷ. 1984ರಲ್ಲಿ ಸಿಯೋಲ್‌ನಲ್ಲೇ ಜಗದ್ಗುರು ಎರಡನೇ ಜಾನ್ ಪಾಲ್ ಅವರನ್ನೂ ಸೇರಿಸಿ 103 ಮಂದಿಯನ್ನು ಸಂತರೆಂದು ಘೋಷಿಸಿದರು. ನಮ್ಮ ಕೂಟದ ಬಹಳ ಮಂದಿಯ ವಯಸ್ಸು ಅದರ ಆಸುಪಾಸಿನದೇ. ಇದನ್ನೆಲ್ಲ ಓದಿಕೊಂಡು ಹೋದವರಿಗೆ ಹಾನ್ ನದಿಯ ದಂಡೆಯ ಚೋಲ್ದುಸಾನ್ ರಕ್ತಸಾಕ್ಷಿಗಳ ಗುಡ್ಡ ಬೇರೆಯೇ ಆಗಿ ಕಾಣುತ್ತದೆ. ಓದದೆ ಹೋದವರಿಗೆ ಅದು ಸೆಲ್ಫಿಗೆ ಒಳ್ಳೆಯ ಜಾಗ, ಅಷ್ಟೆ.

ಹಿರಿಯರಲ್ಲಿ ಕೆಲವರು, "ಹೋಗುವುದಾದರೆ ಜೆರುಸಲೇಮಿಗೆ ಹೋಗಿ, ಕೊರಿಯಾದಲ್ಲಿ ಏನಿದೆ?" ಎನ್ನುತ್ತಾರೆ. ನ್ಯಾಯವಾದ ಮಾತು. ನಮ್ಮ ಆಂಧ್ರ ಸರ್ಕಾರ ಜೆರುಸಲೇಮ್ ಯಾತ್ರೆಗೆ ಸಹಾಯಧನ ಕೊಡುವ ಯೋಜನೆ ಇಟ್ಟಿತ್ತು. 2019ರಲ್ಲಿ ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರುವವರಿಗೆ ಅದನ್ನು 40,000ದಿಂದ 60,000 ರೂಪಾಯಿಗೆ ಏರಿಸಿತು. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಹೊರಟವರೂ ನಿಂತುಬಿಟ್ಟರು. ಆದರೆ ಹಿರಿಯರಿಗೆ ನಾವು ನೆನಪಿಸುವುದು ಬೇರೆ. ಜೆರುಸಲೇಮಿಗೆ ಹೋಗಲಾಗದವರಿಗಾಗಿ ಧರ್ಮಸಭೆ ಏನು ಮಾಡಿತು? ಆ ಬೀದಿಯನ್ನೇ ತಂದು ಪ್ರತಿ ಚರ್ಚಿನ ಗೋಡೆಗೆ ಹಚ್ಚಿತು. ಫ್ರಾನ್ಸಿಸ್ಕನ್ ಗುರುಗಳು ಊರೂರಿಗೆ ಹಬ್ಬಿಸಿದ ಶಿಲುಬೆಹಾದಿಗೆ 1731ರಲ್ಲಿ ಜಗದ್ಗುರು ಹನ್ನೆರಡನೇ ಕ್ಲೆಮೆಂಟ್ 14 ಸ್ಥಳಗಳೆಂದು ಗೊತ್ತುಮಾಡಿದರು. ತಪಸ್ಸುಕಾಲದ ಪ್ರತಿ ಶುಕ್ರವಾರ ನೀವು ವಿಮಾನ ಹತ್ತದೆಯೇ ಅಲ್ಲಿಗೆ ಹೋಗಿ ಬರುತ್ತಿದ್ದೀರಿ. ಹೋಗದೆಯೂ ಹೋಗುವುದು ಹೇಗೆಂದು ನಮಗೆ ಕಲಿಸಿದವರು ನೀವೇ.

ಕಾಣದ ಊರಿನ ಬಗ್ಗೆ ಕನಸು ಕಾಣುವುದು ಕಲ್ಯಾಣದುರ್ಗಕ್ಕೂ ಹೊಸದಲ್ಲ. 1969ರಲ್ಲಿ ವಿನ್ಸೆಂಟ್ ಫೆರರ್ ಅನಂತಪುರಕ್ಕೆ ಬಂದು ಆರ್‌ಡಿಟಿ ಸಂಸ್ಥೆ ಕಟ್ಟಿದ ಮೇಲೆ ಎಷ್ಟೋ ಹಳ್ಳಿಗಳ ಮಕ್ಕಳು ಸ್ಪೇನಿನಲ್ಲಿರುವ ತಮ್ಮ ಪೋಷಕರಿಗೆ ಚಿತ್ರ ಬರೆದು, ಪತ್ರ ಬರೆದು ಕಳಿಸಿದರು. ಕಡಲೆಕಾಯಿ ಹೊಲ, ಎತ್ತು, ಮನೆ ಮುಂದಿನ ಬೇವಿನ ಮರ. ಅತ್ತ ಕಡೆಯಿಂದ ಹಿಮದ ಫೋಟೋ ಬರುತ್ತಿತ್ತು. ಆ ಮಕ್ಕಳು ಈಗ ತಂದೆ ತಾಯಂದಿರಾಗಿದ್ದಾರೆ. ಅವರನ್ನು ಕೇಳಿ, ಪತ್ರ ಕಾಯುವ ಸುಖ ಏನೆಂದು ಹೇಳುತ್ತಾರೆ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಪಾಸ್‌ಪೋರ್ಟಿನಿಂದ. 18 ತುಂಬಿದ ಎಲ್ಲರೂ ಮಾಡಿಸಬೇಕೆಂಬುದು ನಮ್ಮ ಒತ್ತಾಯ, ಸಿಯೋಲ್‌ಗೆ ಹೋಗಲಿ ಬಿಡಲಿ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಹಿಂದೆ ಇದಕ್ಕಾಗಿ ದೊಡ್ಡ ಊರಿಗೇ ಹೋಗಬೇಕಿತ್ತು. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನ ಅಂಚೆ ಕಚೇರಿಗಳಲ್ಲಿ ಮೊದಲು ಶುರುವಾದ ಪಾಸ್‌ಪೋರ್ಟ್ ಸೇವೆ ಈಗ ಎಷ್ಟೋ ಊರುಗಳ ಅಂಚೆ ಕಚೇರಿಗೆ ಬಂದಿದೆ. ಏಜೆಂಟ್ ಬೇಕಿಲ್ಲ; ಮೊಬೈಲಿನಲ್ಲೇ ಅರ್ಜಿ ತುಂಬಬಹುದು. ಇಂದು ಸಮಾಧಾನವಾಗಿ, ತಾನೇ ಅರ್ಜಿ ತುಂಬಿ ಮಾಡಿಸಿಕೊಂಡ ಹುಡುಗಿ ನಾಳೆ ಕೆಲಸಕ್ಕೆ ಹೊರಟರೂ ಯಾರದೋ ಕೈಗೊಂಬೆಯಾಗುವುದಿಲ್ಲ.

ಕಷ್ಟ ಇರುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ. ತೆಲುಗು ಪದ್ಧತಿಯಂತೆ ಮನೆತನದ ಹೆಸರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು. ಅದಕ್ಕೆ ಕಾರಣಗಳಿವೆ, ಎಲ್ಲರಿಗೂ ಗೊತ್ತು, ಇಲ್ಲಿ ಬಿಡಿಸಿ ಹೇಳುವುದು ಬೇಡ. ಯಾರನ್ನೂ ಈ ವಿಷಯಕ್ಕೆ ಹಂಗಿಸಬಾರದು ಎಂದು ಮಾತ್ರ ಯುವಮಿತ್ರರಿಗೆ ಹೇಳುತ್ತೇವೆ. ದಾಖಲೆಗಳೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಕೆಲಸವನ್ನು ಅಕ್ಕಪಕ್ಕ ಕುಳಿತು ಮಾಡೋಣ. ಅಮ್ಮನ ಹಳೆಯ ಟ್ರಂಕಿನಿಂದ ಟಿಸಿ ಹೊರತೆಗೆಯುವಾಗ ಅದರ ಜೊತೆ ಏನೇನು ಹೊರಬರುತ್ತದೋ! ಒಂದು ಮನೆಯಲ್ಲಿ ತಾತನ ಮದುವೆಯ ಕರೆಯೋಲೆ ಸಿಕ್ಕಿತು. ಆ ದಿನ ಪಾಸ್‌ಪೋರ್ಟಿನ ಕೆಲಸ ಮುಂದೆ ಸಾಗಲಿಲ್ಲ.

ಇನ್ನು ದುಡ್ಡು. ಸಾಲ ಮಾಡಿ ಯಾರೂ ಹೋಗಬಾರದು, ಈ ಮಾತಿನಲ್ಲಿ ನಾವು ಹಿರಿಯರ ಜೊತೆಗಿದ್ದೇವೆ. ಯುವಜನ ದಿನದ ಹೆಸರು ಹೇಳಿಕೊಂಡು ಅಲ್ಲೇ ಕೆಲಸ ಕೊಡಿಸುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ಎರಡೂ ಕೂಟ ಸೇರಿ ದುಡ್ಡು ಕೂಡಿಸೋಣ. ಎಷ್ಟು ಜನರಿಗೆ ಸಾಕಾಗುತ್ತದೋ ಅಷ್ಟು ಜನ ಹೋಗಲಿ: ಇಬ್ಬರಾದರೆ ಇಬ್ಬರು, ಒಬ್ಬರಾದರೆ ಒಬ್ಬರು. ಆ ಒಬ್ಬರನ್ನು ಆರಿಸುವುದು ಹೇಗೆ? ಸಿದ್ಧತೆಯಲ್ಲಿ ಪಾಲುಗೊಂಡ ಎಲ್ಲರ ಹೆಸರು ಬರೆದು, ಪ್ರಾರ್ಥನೆ ಮಾಡಿ, ಚೀಟಿ ಎತ್ತಿಸಿ. ಯೂದನ ಜಾಗಕ್ಕೆ ಪ್ರೇಷಿತರು ಮತ್ತೀಯನನ್ನು ಆರಿಸಿಕೊಂಡದ್ದು ಹೀಗೆಯೇ. ಚೀಟಿಗೆ ಅಪ್ಪನ ಸಂಬಳ ಕಾಣುವುದಿಲ್ಲ. ವೀಸಾ ಎಲ್ಲರಿಗೂ ಸಿಗುತ್ತದೆಂಬ ಖಾತ್ರಿ ಇಲ್ಲ. ಒಬ್ಬರಿಗೆ ಸಿಗದಿದ್ದರೆ ಎರಡನೇ ಚೀಟಿಯವರು ಆಗಲೇ ಅರ್ಧ ದಾರಿ ನಡೆದಿರುತ್ತಾರೆ.

ಒಂದು ಮಾತನ್ನು ಹಿಂದೂಪುರದ ನಮ್ಮವರಿಗೆ ಹೇಳಬೇಕು. ಕಲ್ಯಾಣದುರ್ಗದ ಅರ್ಧ ಹುಡುಗರು ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುತ್ತಾರೆ. ವಾರದ ದಿನ ಸಭೆ ಕರೆದು ಬರಲಿಲ್ಲ ಎಂದು ಅವರ ಹೆಸರು ತೆಗೆಯುವುದು ಅನ್ಯಾಯ. ಅವರಿಗೆ ಕೊರಿಯನ್ ಪಾಠ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ರಾತ್ರಿ ಶೆಡ್ಡಿನಲ್ಲಿ ಕೂತು ಕಲಿಯಲಿ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಟೈಲ್ಸ್ ಹಾಕಿ ಬಂದವನೊಬ್ಬ ನಮ್ಮ ಕೂಟದಲ್ಲಿದ್ದಾನೆ. ಒಳಗಿನ ದಾರಿ ಯಾರಿಗೂ ಗೊತ್ತಿಲ್ಲದಷ್ಟು ಅವನಿಗೆ ಗೊತ್ತು. ಪ್ರಯಾಣಿಕನಾಗಿ ಮಾತ್ರ ಒಮ್ಮೆಯೂ ಒಳಗೆ ಹೋಗಿಲ್ಲ.

ಚೀಲದ ವಿಷಯ ಹೇಳದಿದ್ದರೆ ತಾಯಂದಿರು ಬಿಡುವುದಿಲ್ಲ. ಮೊದಲನೆಯದು, ಸ್ವೆಟರ್ ಬೇಡ. ಆಗಸ್ಟ್‌ನಲ್ಲಿ ಸಿಯೋಲ್ ಬೆವರು ಸುರಿಯುವ ಊರು, ನಮ್ಮ ಬಿಸಿಲಿನಂತೆ ಒಣ ಬಿಸಿಲಲ್ಲ. 2023ರ ಆಗಸ್ಟ್‌ನಲ್ಲಿ ಕೊರಿಯಾದಲ್ಲೇ ನಡೆದ ವಿಶ್ವ ಸ್ಕೌಟ್ ಜಾಂಬೂರಿಯಲ್ಲಿ ನೂರಾರು ಮಕ್ಕಳು ಬಿಸಿಲಿಗೆ ಬಳಲಿದರು, ಕೊನೆಗೆ ಚಂಡಮಾರುತ ಬರುತ್ತದೆಂದು ಶಿಬಿರವನ್ನೇ ಖಾಲಿ ಮಾಡಿಸಿದರು. ಹತ್ತಿಬಟ್ಟೆ, ಟೋಪಿ, ಓಆರ್‌ಎಸ್, ಮಳೆಗೆ ಒಂದು ಕೋಟು. ಹಣ್ಣು, ಮಾಂಸ ಅಲ್ಲಿಗೆ ಒಯ್ಯುವಂತಿಲ್ಲ, ಆದ್ದರಿಂದ ಮಾವಿನಹಣ್ಣು ಕಟ್ಟಬೇಡಿ. ಹಿಂದೂಪುರದ ಹುಣಸೆಹಣ್ಣಿನ ತೊಕ್ಕಿಗೆ ಎಣ್ಣೆ ಇರುವುದರಿಂದ ಅದು ಕೈಚೀಲದಲ್ಲಿ ಅಲ್ಲ, ದೊಡ್ಡ ಪೆಟ್ಟಿಗೆಯಲ್ಲಿ. ಕಡಲೆಬೀಜದ ಚಟ್ನಿಪುಡಿ ಎಷ್ಟಾದರೂ ಕೊಡಿ. ಅನ್ನ ಅಲ್ಲೂ ಅನ್ನವೇ, ಮೂರು ಹೊತ್ತೂ ಸಿಗುತ್ತದೆ. ಲೆಕ್ಕಕ್ಕೆ ಹೆದರಬೇಡಿ: ಒಂದು ಲಕ್ಷ ವನ್ ಎಂದರೆ ನಮ್ಮ ಆರು ಸಾವಿರ ಚಿಲ್ಲರೆ. ಗಡಿಯಾರ ಮೂರೂವರೆ ಗಂಟೆ ಮುಂದೆ. ನಮ್ಮ ಬೆಳಗಿನ ಆರರ ಪೂಜೆಯ ಹೊತ್ತಿಗೆ ಅವರಿಗೆ ಒಂಬತ್ತೂವರೆ.

ಚೀಲದಲ್ಲಿ ಇನ್ನೊಂದು ಪುಸ್ತಕ ಇರಬೇಕು. ಇನ್ನೂರು ಪುಟದ ಸಾದಾ ನೋಟ್‌ಬುಕ್. ಎರಡೂ ಊರಿನಲ್ಲಿ ಮನೆಮನೆಗೆ ಅದನ್ನು ಕೊಟ್ಟು, ಅಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕು, ಏನು ಕೇಳಿಕೊಂಡು ಬರಬೇಕು ಎಂದು ಬರೆಸುತ್ತೇವೆ. ಬರೆಯಲು ಬಾರದವರು ಹೇಳಲಿ, ನಾವು ಬರೆದುಕೊಳ್ಳುತ್ತೇವೆ. ಕುವೈತ್‌ನಲ್ಲಿರುವ ಅಮ್ಮನಿಗೂ ಒಂದು ಪುಟ ಇರುತ್ತದೆ.

ಮೊದಲ ಸಭೆ ಬರುವ ತಿಂಗಳ ಎರಡನೇ ಭಾನುವಾರ, ಹಿಂದೂಪುರದಲ್ಲಿ, ಪೂಜೆ ಮುಗಿದ ಮೇಲೆ. ಆಧಾರ್, ಹತ್ತನೇ ತರಗತಿಯ ಅಂಕಪಟ್ಟಿ, ಜ್ಞಾನಸ್ನಾನದ ಪತ್ರ, ಮೂರರ ಜೆರಾಕ್ಸ್ ತನ್ನಿ. ಕಲ್ಯಾಣದುರ್ಗದವರು ಬೆಳಗಿನ ಮೊದಲ ಬಸ್ಸಿಗೆ ಹೊರಡಿ, ಮಧ್ಯಾಹ್ನದ ಊಟ ನಮ್ಮದು. ಕಾರ್ಖಾನೆಯ ಹುಡುಗರು ರಾತ್ರಿ ಶಿಫ್ಟ್ ಮುಗಿಸಿ ನೇರ ಬರುತ್ತಾರೆ. ಅವರು ಸ್ವಲ್ಪ ತೂಕಡಿಸಿದರೆ ಎಬ್ಬಿಸಬೇಡಿ, ಅವರ ಪಾಠ ಊಟದ ನಂತರ.